ಬೈರಾಸಿನ ಅಡಿಯ ಬೆಲ್ಲ

ಆನೆಮರಿಗಳ ಆರೈಕೆ ಕೇಂದ್ರಕ್ಕೆ ಹೊಸದಾಗಿ ಮೂವರು ಸೇರಿದ್ದಾರೆ, ಅವರಿಗೆ ಓದಲು ಏನಾದರೂ ಬರೆದುಕೊಡಿ ಎಂದು ಡಾಕ್ಟರ್ ಲವೀನಾ ಫೋನ್ ಮಾಡಿದಾಗ ನಾನು ಎರ್ಮಾಳಿನ ಮನೆಯ ಹಿಂದೆ ಕುಳಿತು ಬಂಗುಡೆ ಮೀನು ಶುಚಿ ಮಾಡುತ್ತಿದ್ದೆ. ಬರೆಯುವುದು ನನ್ನಿಂದಾಗುವ ಕೆಲಸವಲ್ಲ, ಕಚೇರಿಯಲ್ಲಿ ಯಾರಿಗಾದರೂ ಹೇಳಿ ಎಂದೆ.

"ಕಚೇರಿಯವರು ಬರೆದರೆ ಗೋಡೆಗೆ ಅಂಟಿಸುವ ಹಾಗೆ ಬರೀತಾರೆ ಸಂಜೀವಣ್ಣ. ನೀವು ಆದದ್ದು ಬರೀರಿ" ಎಂದರು.

"ಎಲ್ಲ ಬರೀಬೇಕಾ ಡಾಕ್ಟ್ರೇ?"

 "ಎಲ್ಲ" ಎಂದರು.

ಹಾಗಾಗಿ ಕುಳಿತಿದ್ದೇನೆ. ಇದರಲ್ಲಿ ನನಗೆ ಹೊದಿಸಿದ ಶಾಲುಗಳ ಸುದ್ದಿ ಇಲ್ಲ. ಯಾವಾಗ ಕಾಯಂ ಆಯಿತು, ಯಾವಾಗ ಮೇಲ್ವಿಚಾರಕ ಎಂದು ಕರೆಸಿಕೊಂಡೆ ಎನ್ನುವುದು ನನ್ನ ಹೆಂಡತಿಗೇ ನೆನಪಿಲ್ಲ, ನಿಮಗೆ ಯಾಕೆ?

ಮೊದಲು ಲದ್ದಿಯ ವಿಷಯ ಹೇಳುತ್ತೇನೆ. ಮರಿಗಳ ಜೊತೆ ಫೋಟೊ ತೆಗೆಸಿಕೊಳ್ಳುವುದೇ ಕೆಲಸ ಎಂದುಕೊಂಡು ಸೇರಿದವರು ಈ ಪುಟದಲ್ಲೇ ನಿಲ್ಲಿಸಬಹುದು. ನಿಮ್ಮ ಬೆಳಗ್ಗೆ ಶುರುವಾಗುವುದು ಲದ್ದಿಯಿಂದ. ಕೊಟ್ಟಿಗೆಗೆ ಹೋದವರು ಮರಿಯ ಮುಖ ನೋಡುವ ಮೊದಲು ನೆಲ ನೋಡಬೇಕು. ಲದ್ದಿ ಗಟ್ಟಿ ಉಂಟಾ, ತೆಳ್ಳಗಾಗಿದೆಯಾ, ಬಣ್ಣ ಎಂತದು, ವಾಸನೆ ಹುಳಿಯಾ, ಎಲ್ಲವನ್ನೂ ಪುಸ್ತಕದಲ್ಲಿ ಬರೆಯಬೇಕು. ಮರಿಗೆ ಕಾಯಿಲೆ ಬಂದರೆ ಅದು ಕಣ್ಣಿನಲ್ಲಿ ಕಾಣಿಸುವ ಹೊತ್ತಿಗೆ ತಡವಾಗಿರುತ್ತದೆ, ಲದ್ದಿಯಲ್ಲಿ ಹಿಂದಿನ ದಿನವೇ ಕಾಣಿಸುತ್ತದೆ. ಮೂಗು ಮುಚ್ಚಿಕೊಳ್ಳುವವರು ಈ ಕೆಲಸಕ್ಕೆ ಬರಬಾರದು. ನಾನು ಮೀನು ಹಿಡಿಯುವವರ ಮನೆಯಲ್ಲಿ ಹುಟ್ಟಿದವನು, ವಾಸನೆಯ ಮಟ್ಟಿಗೆ ನನಗೆ ತರಬೇತಿ ಬೇಕಾಗಲಿಲ್ಲ.

ಬೇರೆ ಎಲ್ಲದಕ್ಕೂ ಬೇಕಾಗಿತ್ತು. ನಾನು ಮೊದಲು ಕಾಪು ಕಡೆಯ ಒಂದು ಪಶು ಚಿಕಿತ್ಸಾಲಯದಲ್ಲಿ ಸಹಾಯಕನಾಗಿದ್ದೆ. ತಾಯಿ ಸತ್ತ ಕರುಗಳಿಗೆ ಬಾಟಲಿಯಲ್ಲಿ ಹಾಲು ಕುಡಿಸುವುದರಲ್ಲಿ ನನ್ನ ಕೈ ಒಳ್ಳೆಯದು ಎಂಬ ಹೆಸರಿತ್ತು. ಅಜೆಕಾರಿನಿಂದ ಮುಂದೆ, ಘಟ್ಟದ ಬುಡದ ಕಾಡಿಗೆ ತಾಗಿಕೊಂಡು ಒಂದು ಟ್ರಸ್ಟಿನವರು ತಬ್ಬಲಿ ಆನೆಮರಿಗಳಿಗೆ ಕೇಂದ್ರ ಮಾಡಿದಾಗ ಆ ಹೆಸರು ಅವರ ಕಿವಿಗೂ ಬಿದ್ದಿರಬೇಕು, ನನ್ನನ್ನು ಕರೆದರು. ಕರು ಸಾಕಿದವನಿಗೆ ಆನೆಮರಿ ಎಂತ ಮಹಾ, ಸ್ವಲ್ಪ ದೊಡ್ಡ ಕರು ಅಲ್ವಾ ಎಂದುಕೊಂಡು ಹೋದೆ.

ಮೊದಲ ಮರಿ ಬಂದಾಗ ಡಾಕ್ಟರ್ ಲವೀನಾ ಊರಿನಲ್ಲಿರಲಿಲ್ಲ, ಮರುದಿನ ಬರುವವರಿದ್ದರು. ಮರಿ ಹಸಿವಿನಿಂದ ಒದ್ದಾಡುತ್ತಿತ್ತು. ಅವರ ಫೋನ್ ಸಿಗಲಿಲ್ಲ. ನಾನು ಕಾಯಲಿಲ್ಲ. ದನದ ಹಾಲು ಕಾಯಿಸಿ, ಬೆಲ್ಲ ಹಾಕಿ, ಬಾಟಲಿಯಲ್ಲಿ ಕುಡಿಸಿದೆ. ಅದು ಗಟಗಟ ಕುಡಿಯಿತು. ನಾನು ಎದೆಯುಬ್ಬಿಸಿಕೊಂಡು ನಿಂತಿದ್ದೆ. ಮರುದಿನ ಬೆಳಗ್ಗೆ ಭೇದಿ ಶುರುವಾಯಿತು. ದನದ ಹಾಲಿನ ಕೊಬ್ಬು ಆನೆಮರಿಯ ಹೊಟ್ಟೆಗೆ ಆಗುವುದಿಲ್ಲ. ನಾಲ್ಕನೆಯ ದಿನ ಅದು ಮಲಗಿದಲ್ಲಿಂದ ಏಳಲಿಲ್ಲ. ಡಾಕ್ಟರು ನನಗೆ ಬೈಯಲಿಲ್ಲ. ಹೊಂಡ ತೋಡುವಾಗ ಪಕ್ಕದಲ್ಲಿ ನಿಂತು, "ಗೊತ್ತಿಲ್ಲದಿದ್ದರೆ ಬರೀ ನೀರು ಕೊಡಿ. ಕಾಯಿರಿ. ಕೇಳಿ" ಎಂದರು, ಅಷ್ಟೆ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಅವರ ಬಗ್ಗೆ ಒಂದೆರಡು ಮಾತು. ಕಾರ್ಕಳದ ಕೊಂಕಣಿ ಕ್ರಿಶ್ಚನ್ ಮನೆಯವರು, ನನಗಿಂತ ಹದಿನೈದು ವರ್ಷ ಚಿಕ್ಕವರು. ಮರಿಗಳಿಗೆ ಹೆಸರಿಡಲು ಬಿಡುತ್ತಿರಲಿಲ್ಲ. ಒಂದನೇ ಮರಿ, ಎರಡನೇ ಮರಿ ಎಂದೇ ಪುಸ್ತಕದಲ್ಲಿ ಬರೆಯಬೇಕು. ಹೆಸರಿಟ್ಟರೆ ಕರೆಯುತ್ತೀರಿ, ಕರೆದರೆ ಅದು ಬರುತ್ತದೆ, ಬರುವುದು ರೂಢಿಯಾದರೆ ಕಾಡಿಗೆ ಹೋಗುವುದಿಲ್ಲ ಎನ್ನುವುದು ಅವರ ಲೆಕ್ಕ. ಹೆಂಗಸಿಗೆ ಇಷ್ಟು ಕಲ್ಲು ಮನಸ್ಸು ಹೇಗೆ ಎಂದು ನಾವು ಕೆಲಸದವರು ಹಿಂದಿನಿಂದ ಆಡಿಕೊಳ್ಳುತ್ತಿದ್ದೆವು.

ನನಗೆ ಆನೆಯ ಕೆಲಸ ಕಲಿಸಿದವರು ಬೊಮ್ಮಜ್ಜ. ಘಟ್ಟದ ಮೇಲಿನ ಆನೆ ಶಿಬಿರದಲ್ಲಿ ಇಡೀ ಆಯುಷ್ಯ ಮಾವುತನಾಗಿದ್ದ ಮುದುಕ. ಅವರನ್ನು ಕೇಂದ್ರದವರು ಎರಡು ವರ್ಷದ ಮಟ್ಟಿಗೆ ಕರೆಸಿಕೊಂಡಿದ್ದರು. ಆನೆಮರಿ ಹಾಲು ಕುಡಿಯುವಾಗ ಅದರ ಸೊಂಡಿಲಿಗೆ ತಾಯಿಯ ಮೈ ತಾಗಬೇಕು, ಇಲ್ಲದಿದ್ದರೆ ಅದು ಬಾಟಲಿ ಹಿಡಿಯುವುದಿಲ್ಲ ಎಂದು ತೋರಿಸಿಕೊಟ್ಟವರು ಅವರೇ. ಎರಡು ಕಂಬದ ನಡುವೆ ಗೋಣಿಯ ಪರದೆ ಕಟ್ಟಿ, ನಾವು ಹಿಂದೆ ನಿಂತು ಅಡಿಯಿಂದ ಬಾಟಲಿ ಚಾಚುತ್ತಿದ್ದೆವು. ಮರಿ ಸೊಂಡಿಲನ್ನು ಗೋಣಿಗೆ ಆನಿಸಿ ಕಣ್ಣು ಮುಚ್ಚಿ ಕುಡಿಯುತ್ತಿತ್ತು. ಎರಡನೇ ಮರಿ ಆ ಗೋಣಿಯ ನೂಲನ್ನೇ ಎಳೆದು ನುಂಗಿ, ಹೊಟ್ಟೆ ಕಟ್ಟಿ, ಒಂದು ವಾರ ಸಾವು ಬದುಕಿನ ನಡುವೆ ಇತ್ತು. ಬದುಕಿತು. ಆಮೇಲೆ ಗೋಣಿಯ ಬದಲು ದಪ್ಪ ಟಾರ್ಪಾಲು ಬಂತು, ಬಾಗಿಲಿನ ಮೇಲೆ ಒಂದು ನಿಯಮವೂ ಬಂತು. ಕೊಟ್ಟಿಗೆಯೊಳಗೆ ಬಿಡಿ ಬಟ್ಟೆ ತರಬಾರದು. ಲುಂಗಿ ಇಲ್ಲ, ಚಾದರ ಇಲ್ಲ, ಹೆಗಲ ಮೇಲೆ ಬೈರಾಸು ಇಲ್ಲ. ಘಟ್ಟದ ಮೇಲಿನಿಂದ ಬಂದವರಿಗೆ ಹೇಳುತ್ತೇನೆ, ಬೈರಾಸು ಎಂದರೆ ನಮ್ಮ ಕಡೆ ಟವೆಲು. ನಮ್ಮ ಗಂಡಸರಿಗೆ ಅದಿಲ್ಲದೆ ಅಂಗಳ ದಾಟುವುದೂ ಕಷ್ಟ.

ಹಾಲಿನ ವಿಷಯದಲ್ಲಿ ಡಾಕ್ಟರು ಊರೂರಿಗೆ ಬರೆದು, ಕೇಳಿ, ಒಂದು ಪಾಕ ಕಂಡುಕೊಂಡರು. ಮಕ್ಕಳ ಹಾಲಿನ ಪುಡಿ, ನುಣ್ಣಗೆ ಬೇಯಿಸಿದ ಗಂಜಿ, ಅದಕ್ಕೆ ಕೊಬ್ಬರಿ ಎಣ್ಣೆ. ತೆಂಗಿನ ಜಿಡ್ಡು ಆನೆಮರಿಯ ಹೊಟ್ಟೆಗೆ ಆಗುತ್ತದೆ. ಇದು ತಿಳಿದ ದಿನ ನಮ್ಮ ಮನೆಯ ಹಿತ್ತಿಲಲ್ಲೇ ಮದ್ದು ಇತ್ತಲ್ಲ ಎಂದು ನಾನು ತಲೆ ಚಚ್ಚಿಕೊಂಡೆ.

ನಾಲ್ಕನೇ ಮರಿ ಬಂದದ್ದು ಆಮೇಲೆ. ಕಾಡಂಚಿನ ಒಂದು ಪಾಳು ಬಾವಿಗೆ ಬಿದ್ದಿತ್ತು. ಕಟ್ಟೆಯಿಲ್ಲದ, ತರಗೆಲೆ ಮುಚ್ಚಿದ್ದ ಬಾವಿ. ಹಿಂಡು ಎರಡು ದಿನ ಸುತ್ತ ನಿಂತು, ನೆಲ ಕೆದಕಿ, ಕೂಗಿ, ಮೂರನೆಯ ದಿನ ಜನ ಸೇರಿದ ಮೇಲೆ ಹೊರಟುಹೋಗಿತ್ತು. ಮೇಲೆತ್ತಿದಾಗ ಅದರ ಎತ್ತರ ನನ್ನ ಸೊಂಟದಷ್ಟು. ಹೆಣ್ಣು. ಒಂದು ಕಿವಿಯ ಅಂಚು ಕಲ್ಲಿಗೆ ತಾಗಿ ಹರಿದಿತ್ತು. ಪುಸ್ತಕದಲ್ಲಿ ನಾಲ್ಕನೇ ಮರಿ ಎಂದು ಬರೆದು, ಮನಸ್ಸಿನಲ್ಲಿ ದುಗ್ಗಿ ಎಂದು ಕರೆದೆ. ದುಗ್ಗಿ ನನ್ನ ಅಜ್ಜಿಯ ಹೆಸರು. ಬಾಯಿಬಿಟ್ಟು ಕರೆಯಲು ಶುರುಮಾಡಿದ್ದು ಒಂದು ತಿಂಗಳ ನಂತರ, ಅದೂ ಡಾಕ್ಟರು ಇಲ್ಲದಾಗ.

ಬೊಮ್ಮಜ್ಜ ಗಮನಿಸಿದ್ದರು. ಊರಿಗೆ ಹೊರಡುವ ದಿನ ಚೀಲ ಹೆಗಲಿಗೆ ಹಾಕಿಕೊಂಡು ನನ್ನನ್ನು ಪಕ್ಕಕ್ಕೆ ಕರೆದರು.

"ನಾನು ಅರವತ್ತು ವರ್ಷ ಆನೆಗೆ ಮನುಸ್ರ ಬುದ್ಧಿ ಕಲಿಸ್ದೆ ಕಣಪ್ಪ. ಅದೇನು ದೊಡ್ ವಿದ್ಯೆ ಅಲ್ಲ. ಬೆಲ್ಲ ತೋರ್ಸಿದ್ರೆ ಕಲೀತದೆ. ಮರೆಸೋದು ಮಾತ್ರ ನಂಗೆ ಬರಾಕಿಲ್ಲ. ಯಾರ್ಗೂ ಬರಾಕಿಲ್ಲ."

ಆಯಿತಜ್ಜ ಎಂದೆ. ಕೇಳಿಸಿಕೊಂಡೆ ಎಂದು ಹೇಳಲಾರೆ.

ಇನ್ನು ನನ್ನ ಅಮ್ಮನ ವಿಷಯ. ಅಮ್ಮ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿದವಳು. ಚಿಕ್ಕಂದಿನಲ್ಲಿ ಅವಳ ಅಪ್ಪನ ಜೊತೆ ಎಲ್ಲಿಯೋ ಒಂದು ಕಡೆ ಆನೆ ಕಂಡಿದ್ದಳಂತೆ. ಸಾಲಿನಲ್ಲಿ ನಿಂತವರ ತಲೆಯ ಮೇಲೆಲ್ಲ ಸೊಂಡಿಲಿಟ್ಟು ಆಶೀರ್ವಾದ ಮಾಡುತ್ತಿತ್ತು. ಇವಳ ಸರದಿ ಬರುವಾಗ ಮೀನಿನ ವಾಸನೆಯೋ ಏನೋ, ಆನೆಯವನು ಸಾಕು ಎಂದು ಆನೆಯನ್ನು ನಡೆಸಿಕೊಂಡು ಹೋದ. ಆ ಮಾತನ್ನು ಅವಳು ನನಗೆ ನೂರು ಸಲ ಹೇಳಿದ್ದಳು, ನಗುತ್ತಲೇ ಹೇಳುತ್ತಿದ್ದಳು. ಮಣಿಪಾಲದಲ್ಲಿ ಅವಳಿಗೆ ಹೃದಯದ ಆಪರೇಷನ್ ಎಂದು ನಿಶ್ಚಯವಾದಾಗ ಮಾತ್ರ ನಗಲಿಲ್ಲ.

"ನಿನ್ನ ಹತ್ತಿರ ಆನೆ ಉಂಟಲ್ಲ ಸಂಜೀವ" ಎಂದಳು. "ಹೋಗುವ ಮೊದಲು ಒಮ್ಮೆ ತಲೆಗೆ ಇಡಿಸ್ತೀಯಾ?"

ನೀವಾಗಿದ್ದರೆ ಎಂತ ಮಾಡುತ್ತಿದ್ದಿರೋ ಗೊತ್ತಿಲ್ಲ. ನಾನು ಆಗಲಿ ಎಂದೆ.

ದುಗ್ಗಿಗೆ ಆಗ ಮೂರು ವರ್ಷ ದಾಟಿತ್ತು. ಆಪರೇಷನ್ನಿಗೆ ಎರಡು ವಾರ ಇತ್ತು. ಡಾಕ್ಟರು ಮಧ್ಯಾಹ್ನ ಕಾರ್ಕಳಕ್ಕೆ ಹೋದ ಮೇಲೆ ನಾನು ಒಬ್ಬನೇ ಅವಳನ್ನು ಕೊಟ್ಟಿಗೆಯ ಹಿಂದಿನ ಬಯಲಿಗೆ ಕರೆದುಕೊಂಡು ಹೋಗುತ್ತಿದ್ದೆ. ಬೆಲ್ಲದ ತುಂಡೊಂದನ್ನು ತಲೆಯ ಮೇಲಿಟ್ಟು, ಅದರ ಮೇಲೆ ಬೈರಾಸು ಸುತ್ತಿ, ಅವಳ ಮುಂದೆ ಕುಳಿತುಕೊಳ್ಳುತ್ತಿದ್ದೆ. ಅವಳು ಸೊಂಡಿಲು ಚಾಚಿ ಮೂಸಿ, ಬೈರಾಸಿನ ಅಡಿಗೆ ತುದಿ ತೂರಿಸಿ ಬೆಲ್ಲ ತೆಗೆಯುತ್ತಿದ್ದಳು. ನಾಲ್ಕೈದು ದಿನದ ನಂತರ ಬೆಲ್ಲವನ್ನು ಕೈಯಲ್ಲಿ ಹಿಡಿದೆ. ತಲೆ ಮುಟ್ಟಿದರೆ ಮಾತ್ರ ಕೊಟ್ಟೆ. ಎರಡು ವಾರ ಬೇಕಾಗಲೇ ಇಲ್ಲ. ಬೈರಾಸು ಸುತ್ತಿದ ತಲೆ ಕಂಡರೆ ಸಾಕು, ಬಂದು ಮೆಲ್ಲಗೆ ಸೊಂಡಿಲಿಟ್ಟು ನಿಲ್ಲುತ್ತಿದ್ದಳು. ಬಟ್ಟೆಯ ನಿಯಮ ಮುರಿಯುತ್ತಿದ್ದೇನೆ ಎಂದು ನನಗೆ ಗೊತ್ತಿತ್ತು. ಮುರಿದದ್ದು ಅದೊಂದೇ ನಿಯಮವಲ್ಲ ಎಂದು ಗೊತ್ತಿರಲಿಲ್ಲ.

ಭಾನುವಾರ ಡಾಕ್ಟರು ಕೇಂದ್ರಕ್ಕೆ ಬರುತ್ತಿರಲಿಲ್ಲ. ಒಂದು ಭಾನುವಾರ ಅಮ್ಮನನ್ನು ರಿಕ್ಷಾದಲ್ಲಿ ಕರೆತಂದೆ. ಬೇಲಿಯ ಹೊರಗೆ ಸ್ಟೂಲಿನ ಮೇಲೆ ಕೂರಿಸಿ, ಕೆಸರು ತಾಗದಿರಲಿ ಎಂದು ಹೇಳಿ ತಲೆಗೆ ಬೈರಾಸು ಹೊದಿಸಿದೆ. ದುಗ್ಗಿ ಬಂದಳು, ಇಟ್ಟಳು. ಅಮ್ಮ ಕಣ್ಣು ಮುಚ್ಚಿದವಳು ಸುಮಾರು ಹೊತ್ತು ತೆರೆಯಲಿಲ್ಲ. ನನ್ನ ಅರುವತ್ತು ವರ್ಷದಲ್ಲಿ ಅಮ್ಮನಿಗೆ ನಾನು ಕೊಟ್ಟದ್ದರಲ್ಲಿ ಅವಳಿಗೆ ಅಷ್ಟು ಖುಷಿ ಕೊಟ್ಟದ್ದು ಬೇರೆ ಯಾವುದೂ ಇಲ್ಲ. ಇದನ್ನು ಇವತ್ತಿಗೂ ಹಾಗೆಯೇ ಹೇಳುತ್ತೇನೆ, ಮುಂದಿನದ್ದೆಲ್ಲ ಗೊತ್ತಿದ್ದೂ ಹೇಳುತ್ತೇನೆ.

ಆಪರೇಷನ್ ಚೆನ್ನಾಗಿ ಆಯಿತು. ಅದೇ ತೊಂದರೆಯಾಯಿತು. ಅಮ್ಮ ಮೀನು ಮಾರುವ ಬಾಯಿಯವಳು, ಎರ್ಮಾಳಿನಿಂದ ಪಡುಬಿದ್ರಿಯವರೆಗೆ ಸುದ್ದಿ ಮುಟ್ಟಿಸಿದಳು. ಮದುವೆ ನಿಶ್ಚಯವಾದವರು, ಪರೀಕ್ಷೆ ಬರೆಯುವವರು, ಗಲ್ಫಿಗೆ ಹೊರಟವರು ಭಾನುವಾರ ಭಾನುವಾರ ಬರತೊಡಗಿದರು. ಕೇಂದ್ರದ ಬೇಲಿಯ ಹೊರಗೆ ನಿಂತು "ಸಂಜೀವಣ್ಣ, ಒಮ್ಮೆ ಮಾರಾಯ್ರೆ" ಎನ್ನುತ್ತಿದ್ದರು. ಬರುವವರ ತಲೆಗೆಲ್ಲ ನಾನೇ ಬೈರಾಸು ಹೊದಿಸುತ್ತಿದ್ದೆ. ನನಗೂ ಅದು ಹಿಡಿಸಿತ್ತು. ಊರಿನಲ್ಲಿ ಮೀನುಗಾರರ ಮಗ ಎಂದು ಗುರುತಿಸುತ್ತಿದ್ದವರು ಈಗ ಆನೆ ಸಂಜೀವ ಎನ್ನುತ್ತಿದ್ದರು. ಆ ಹೆಸರಿನ ಆಸೆಗೆ ಬಿದ್ದೆ ಎನ್ನುವುದನ್ನು ಮುಚ್ಚಿಡುವುದಿಲ್ಲ.

ಯಾರೋ ಮೊಬೈಲಿನಲ್ಲಿ ಹಿಡಿದ ವಿಡಿಯೊ ಡಾಕ್ಟರಿಗೆ ಮುಟ್ಟಿತು. ಸೋಮವಾರ ಬೆಳಗ್ಗೆ ನನ್ನನ್ನು ಹಾಲಿನ ಕೋಣೆಗೆ ಕರೆದು ಮೇಜಿನ ಮೇಲೆ ಮೊಬೈಲ್ ಇಟ್ಟರು.

"ಇದು ನಾಲ್ಕನೇ ಮರಿ ಅಲ್ವಾ ಸಂಜೀವಣ್ಣ?"

"ಹೌದು ಡಾಕ್ಟ್ರೇ."

"ಎಂತ ಕಲಿಸಿದ್ದು ನೀವು, ಗೊತ್ತುಂಟಾ? ಈಗ ಅದು ಸಣ್ಣದು. ನಾಳೆ ಕಾಡಿಗೆ ಬಿಟ್ಟ ಮೇಲೆ ಯಾರದ್ದೋ ತಲೆಗೆ ಸೊಂಡಿಲಿಡ್ಲಿಕ್ಕೆ ಹೋದ್ರೆ? ಆಶೀರ್ವಾದ ಅಂತ ಅವರಿಗೆ ಹೇಗೆ ಗೊತ್ತಾಗ್ಬೇಕು?"

 ಯಾಕೆ ಶುರುಮಾಡಿದ್ದು ಎಂದು ಅವರು ಕೇಳಿದಾಗ ಅಮ್ಮನ ಆಸೆಯನ್ನು ಹೇಳಿದೆ. ಅವರ ಮುಖ ಸ್ವಲ್ಪ ಮೆತ್ತಗಾಯಿತು. ಆಮೇಲೆ ಪುಸ್ತಕ ತೆರೆದು ಪೆನ್ನು ಹಿಡಿದು, "ಹೇಗೆ ಕಲಿಸಿದ್ದು, ಸರಿಯಾಗಿ ಹೇಳಿ. ಅದೇ ದಾರಿಯಲ್ಲಿ ಹಿಂದೆ ಬರ್ಬೇಕು" ಎಂದರು.

"ಬೆಲ್ಲ ಕೊಟ್ಟು."

"ಕೈಯಲ್ಲಿಯಾ?"

"ಕೈಯಲ್ಲಿ."

"ತಲೆಗೆ ಈ ಬೈರಾಸು ಯಾಕೆ?"

"ಸೊಂಡಿಲಿನ ಕೆಸರು ತಾಗ್ತದಲ್ಲ, ಅದಕ್ಕೆ. ಬೇಲಿಯ ಹೊರಗೆ ಮಾತ್ರ."

ಅವರು ಬರೆದುಕೊಂಡರು. ಎರಡನೇ ಮರಿ ಗೋಣಿಯ ನೂಲು ನುಂಗಿ ಒದ್ದಾಡಿದ್ದನ್ನು ಕಂಡವನೇ ಬಟ್ಟೆಯ ಅಡಿಯಲ್ಲಿ ಬೆಲ್ಲ ಇಟ್ಟು ಹುಡುಕಿಸಿದೆ ಎನ್ನಲು ನನಗೆ ನಾಲಿಗೆ ಏಳಲಿಲ್ಲ. ಕೆಲಸ ಹೋಗುತ್ತದೆ ಎಂಬ ಹೆದರಿಕೆಯೂ ಇತ್ತು, ಅದಕ್ಕಿಂತ ಹೆಚ್ಚು ನಾಚಿಕೆ ಇತ್ತು. ಬೆಲ್ಲ ಕೊಟ್ಟದ್ದನ್ನು ಒಪ್ಪಿಕೊಂಡಿದ್ದೇನಲ್ಲ, ಬೈರಾಸಿನದ್ದು ಒಂದು ಸಣ್ಣ ವಿಷಯ ಎಂದು ನನಗೆ ನಾನೇ ಹೇಳಿಕೊಂಡೆ.

ಮರೆಸುವ ಕೆಲಸ ಶುರುವಾಯಿತು. ಡಾಕ್ಟರು ಹೇಳಿದ ವಿಧಾನ ಸರಳವಾಗಿತ್ತು. ಸಂದರ್ಶಕರಿಗೆ ಬಾಗಿಲು ಬಂದ್. ನಾಲ್ಕನೇ ಮರಿ ಯಾರ ಕಡೆಗಾದರೂ ಸೊಂಡಿಲೆತ್ತಿ ಬಂದರೆ ಅವರು ಆ ಕ್ಷಣವೇ ಬೆನ್ನು ತಿರುಗಿಸಿ ನಿಲ್ಲಬೇಕು. ಬೈಯಬಾರದು, ದೂಡಬಾರದು, ಮಾತಾಡಬಾರದು. ಆನೆಗೆ ಬೆನ್ನು ತೋರಿಸಿದರೆ ನಿನ್ನ ಜೊತೆ ನನಗೆ ಕೆಲಸವಿಲ್ಲ ಎಂದು ಅರ್ಥ. ಎಲ್ಲರಿಗೂ ಕೇಂದ್ರದ ಖಾಕಿ ಟೊಪ್ಪಿ. ನನ್ನ ಬೈರಾಸನ್ನು ನಾನು ಟ್ರಂಕಿನ ಅಡಿಗೆ ಹಾಕಿಟ್ಟೆ.

ಹೇಳಲು ಸರಳ. ಅವಳು ಮೊದಲು ಬಂದದ್ದೇ ನನ್ನ ಬಳಿಗೆ. ನಾನು ತಿರುಗಿ ನಿಂತೆ. ಅವಳು ಸುತ್ತು ಹಾಕಿ ಮುಂದೆ ಬಂದಳು. ಮತ್ತೆ ತಿರುಗಿದೆ. ಮತ್ತೆ ಬಂದಳು. ಆ ದಿನ ಮಧ್ಯಾಹ್ನದವರೆಗೆ ಅವಳು ನನ್ನ ಮುಖ ಹುಡುಕುತ್ತ ಸುತ್ತಿದಳು, ನಾನು ಮುಖ ತಪ್ಪಿಸುತ್ತ ಸುತ್ತಿದೆ. ಕಡೆಗೆ ನನ್ನ ಬೆನ್ನಿಗೆ ಹಣೆ ಆನಿಸಿ ನಿಂತುಬಿಟ್ಟಳು. ತಿರುಗಿ ನೋಡಬೇಡಿ ಎಂದು ದೂರದಲ್ಲಿ ನಿಂತ ಡಾಕ್ಟರು ಕೈಸನ್ನೆ ಮಾಡಿದರು. ಅವರ ಕಣ್ಣೂ ಒದ್ದೆಯಾಗಿತ್ತು. ಕಲ್ಲು ಮನಸ್ಸು ಎಂದು ಆಡಿಕೊಂಡವರಲ್ಲಿ ನಾನೂ ಒಬ್ಬ, ಆ ಮಾತನ್ನು ಅವತ್ತೇ ಹಿಂದಕ್ಕೆ ತೆಗೆದುಕೊಂಡೆ.

ಏಳೆಂಟು ತಿಂಗಳು ಹೀಗೆ ನಡೆಯಿತು. ಸೊಂಡಿಲೆತ್ತುವುದು ಕಡಿಮೆಯಾಯಿತು, ಆಮೇಲೆ ನಿಂತಿತು. ಇನ್ನೊಂದು ವರ್ಷ ನೋಡಿದರು. ಟೊಪ್ಪಿ ಹಾಕಿದ ನಾವು ಎದುರು ಹೋದರೆ ಅವಳು ಸುಮ್ಮನೆ ಬೈನೆ ಮರದ ಎಲೆ ಎಳೆಯುತ್ತಿದ್ದಳು. ಹೊರಗಿನವರನ್ನೂ ಕರೆಸಿ, ಅವರಿಗೂ ಟೊಪ್ಪಿ ಕೊಟ್ಟು ಪರೀಕ್ಷೆ ಮಾಡಿದರು. ಪುಸ್ತಕದಲ್ಲಿ ಡಾಕ್ಟರು ಕೆಂಪು ಶಾಯಿಯಲ್ಲಿ 'ಮರೆತಿದೆ' ಎಂದು ಬರೆದರು. ಪಕ್ಕದಲ್ಲಿ ನಿಂತು ನೋಡಿದೆ. ಆಗಲೂ ಹೇಳಲಿಲ್ಲ.

ಮಳೆ ಮುಗಿದ ಮೇಲೆ ಪ್ರತಿ ವರ್ಷ ಒಂದು ಹಿಂಡು ಕೇಂದ್ರದ ಮೇಲಿನ ಬಿದಿರು ಮೆಳೆಗೆ ಬರುತ್ತಿತ್ತು. ದುಗ್ಗಿಗೆ ಐದು ತುಂಬಿದ ವರ್ಷ ಅರಣ್ಯ ಇಲಾಖೆಯ ಒಪ್ಪಿಗೆ ಪಡೆದು ಹಿಂದಿನ ಬೇಲಿಯ ಬಾಗಿಲು ತೆಗೆದಿಟ್ಟೆವು. ಎರಡು ದಿನ ಅವಳು ಬಾಗಿಲವರೆಗೆ ಹೋಗಿ ಹಿಂದೆ ಬಂದಳು. ಮೂರನೆಯ ದಿನ ಸಂಜೆ ಹಿಂಡಿನ ಒಂದು ದೊಡ್ಡ ಹೆಣ್ಣಾನೆ ಬಾಗಿಲ ಹತ್ತಿರ ಬಂದು ಅವಳ ಹರಿದ ಕಿವಿಯನ್ನು ಮುಟ್ಟಿ ಮುಟ್ಟಿ ನೋಡಿತು. ದುಗ್ಗಿ ಅದರ ಹೊಟ್ಟೆಯ ಪಕ್ಕಕ್ಕೆ ಸೇರಿಕೊಂಡು ಹೋದಳು. ಅದು ತಾಯಿಯೇ ಇರಬಹುದು ಎಂದು ನಾವೆಲ್ಲ ಹೇಳಿಕೊಂಡೆವು. ಹೇಳಲಿಕ್ಕಾಗುವುದಿಲ್ಲ ಎಂದರು ಡಾಕ್ಟರು. ಆದರೆ ಆ ದಿನ ಎಲ್ಲರಿಗೂ ಅವರೇ ಪಾಯಸ ಮಾಡಿಸಿದರು.

ಹನ್ನೊಂದು ದಿನ ಅವಳು ಹಿಂಡಿನ ಜೊತೆಗಿದ್ದಳು.

ಹನ್ನೆರಡನೆಯ ದಿನ ಬೆಳಗ್ಗೆ ನಾನು ಬಾಟಲಿ ತೊಳೆಯುತ್ತಿದ್ದಾಗ ಫೋನ್ ಬಂತು. ಕಾಡಿನ ಕೆಳಗಿನ ಗದ್ದೆಯಲ್ಲಿ ಆನೆ, ವಾಸು ಪೂಜಾರಿಯವರು ಬಿದ್ದಿದ್ದಾರೆ, ಬೇಗ ಬನ್ನಿ. ವಾಸು ಪೂಜಾರಿ ನಮಗೆ ಬಾಳೆದಿಂಡು, ಹುಲ್ಲು ಕೊಡುತ್ತಿದ್ದ ಕೃಷಿಕರು. ನಾನೂ ಡಾಕ್ಟರೂ ಜೀಪಿನಲ್ಲಿ ಹೋಗುವಷ್ಟರಲ್ಲಿ ಅವರನ್ನು ಮಣಿಪಾಲಕ್ಕೆ ಕರೆದೊಯ್ದಿದ್ದರು. ಜನ ದೂರದಲ್ಲಿ ಗುಂಪುಕಟ್ಟಿ ನಿಂತಿದ್ದರು. ದುಗ್ಗಿ ಗದ್ದೆಯ ಹುಣಿಯ, ಅಂದರೆ ಬದುವಿನ, ಪಕ್ಕ ಒಬ್ಬಳೇ ನಿಂತಿದ್ದಳು. ಅವಳ ಸೊಂಡಿಲಿನಲ್ಲಿ ಒಂದು ಕೆಂಪು ಗೆರೆಯ ಬೈರಾಸು ಇತ್ತು.

ನನಗೆ ಕೂಡಲೇ ಗೊತ್ತಾಯಿತು. ಡಾಕ್ಟರಿಗೆ ಗೊತ್ತಾಗಲಿಲ್ಲ. "ಬಟ್ಟೆ ಯಾಕೆ ಹಿಡಿದುಕೊಂಡಿದೆ?" ಎಂದು ತಮಗೆ ತಾವೇ ಕೇಳಿಕೊಂಡರು. ನಾನು ಜನರನ್ನು ಹಿಂದೆ ಸರಿಸಲು ಹೋದೆ.

ಅವಳನ್ನು ಕೇಂದ್ರಕ್ಕೆ ಮರಳಿ ತಂದು, ಎರಡು ದಿನ ಬಿಟ್ಟು ಆಸ್ಪತ್ರೆಗೆ ಹೋದೆವು. ವಾಸು ಪೂಜಾರಿಯವರ ಸೊಂಟದ ಮೂಳೆ ಮುರಿದಿತ್ತು. ಮಲಗಿದಲ್ಲಿಂದಲೇ ಡಾಕ್ಟರಿಗೆ ಕೈ ಮುಗಿದರು.

"ತೋಡಿಗೆ ಹಾಕಿದ ಕಟ್ಟ ಬಿಡಿಸಿ ಗದ್ದೆಗೆ ನೀರು ಬಿಡ್ಲಿಕ್ಕೆ ಹೋದದ್ದು ನಾನು. ಚಳಿಗೆ ಬೈರಾಸು ಮುಂಡಾಸು ಕಟ್ಟಿದ್ದೆ. ಹಿಂದೆ ಎಂತದೋ ಉಸಿರು ಕೇಳಿತು. ತಿರುಗುವಾಗ ತಲೆ ಮೇಲೆ ಸೊಂಡಿಲು. ಒತ್ತಲಿಲ್ಲ ಮಾರಾಯ್ರೆ, ಸುಮ್ಮನೆ ಇಟ್ಟದ್ದು. ಆಮೇಲೆ ಬೈರಾಸಿನ ಅಡಿಗೆ ತುದಿ ತೂರಿಸಿ ಎಂತದೋ ಹುಡುಕಿದ ಹಾಗೆ ಮಾಡಿತು. ನಾನು ಹೆದರಿ ಓಡಿದ್ದು. ಹುಣಿಯಿಂದ ಜಾರಿ ತೋಡಿನ ಕಲ್ಲಿಗೆ ಬಿದ್ದದ್ದು. ಅದು ನನ್ನನ್ನು ಬೀಳಿಸಿದ್ದಲ್ಲ. ಅದನ್ನು ಕೊಲ್ಲಬಾರ್ದು ಅಂತ ನಾನೇ ಬರ್ಕೊಡ್ತೇನೆ."

ನಾನು ಎದ್ದು ಹೊರಗೆ ಹೋದೆ. ಡಾಕ್ಟರು ಹಿಂದೆಯೇ ಬಂದರು. ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕುಳಿತು ಎಲ್ಲವನ್ನೂ ಹೇಳಿದೆ. ತಲೆಯ ಮೇಲಿನ ಬೆಲ್ಲ, ಅದರ ಮೇಲಿನ ಬೈರಾಸು, ಕೆಸರಿನ ಸುಳ್ಳು. ಅವರು ಕೇಳುತ್ತ, ನಮ್ಮ ಮುಂದೆ ಹೋಗುತ್ತ ಬರುತ್ತ ಇದ್ದ ಊರಿನ ಗಂಡಸರನ್ನು ನೋಡುತ್ತಿದ್ದರು. ಹತ್ತು ಜನರಲ್ಲಿ ಏಳು ಜನರ ಹೆಗಲಿನಲ್ಲೋ ತಲೆಯಲ್ಲೋ ಬೈರಾಸು ಇತ್ತು.

"ಟೊಪ್ಪಿ ಹಾಕಿ ಕಲಿಸಿದ್ದಲ್ವಾ ನಾವು" ಎಂದರು. "ಟೊಪ್ಪಿಯವರ ಹತ್ತಿರ ಹೋಗ್ಬಾರ್ದು ಅಂತ ಅದು ಕಲಿತದ್ದು. ಸರಿಯಾಗಿಯೇ ಕಲಿತಿದೆ ಪಾಪ."

"ನನ್ನನ್ನು ತೆಗೆದುಬಿಡಿ ಡಾಕ್ಟ್ರೇ."

"ಅದರಿಂದ ಯಾರಿಗೆ ಎಂತ ಉಪಯೋಗ? ಅವತ್ತೇ ಹೇಳಿದ್ರೆ ಬೈರಾಸು ಕಟ್ಟಿ ಇನ್ನು ಒಂದು ಆರು ತಿಂಗಳು ಮಾಡ್ತಿದ್ದೆವು. ಅಷ್ಟೇ ಬೇಕಿದ್ದದ್ದು."

ಆರು ತಿಂಗಳು. ಆ ಲೆಕ್ಕ ನನ್ನ ತಲೆಯಿಂದ ಇವತ್ತಿಗೂ ಇಳಿದಿಲ್ಲ.

ಅವರು ಆ ಆರು ತಿಂಗಳನ್ನು ಇಲಾಖೆಯ ಬಳಿ ಬೇಡಿದರು, ಕಾಗದದ ಮೇಲೆ ಕಾಗದ ಬರೆದರು. ವಾಸು ಪೂಜಾರಿಯವರೂ ಹೇಳಿದ ಹಾಗೆ ಬರೆದುಕೊಟ್ಟರು. ಆದರೆ ಜನರ ಬಳಿಗೆ ತಾನಾಗಿ ಬರುವ ಆನೆಯನ್ನು ಊರಿನ ಪಕ್ಕದ ಕಾಡಿನಲ್ಲಿ ಬಿಡಲಾಗದು ಎಂದು ಆದೇಶ ಬಂತು. ಅದನ್ನು ತಪ್ಪು ಎನ್ನಲು ನನಗೆ ಬಾಯಿಲ್ಲ, ಇನ್ನೊಬ್ಬರು ಬಿದ್ದು ಸತ್ತಿದ್ದರೆ? ದುಗ್ಗಿಯನ್ನು ಘಟ್ಟದ ಮೇಲಿನ ಶಿಬಿರಕ್ಕೆ ಕಳಿಸುವುದೆಂದಾಯಿತು. ಅಲ್ಲಿ ಕಾಲಿಗೆ ಸರಪಳಿ, ಜೀವಮಾನವಿಡೀ ಮನುಷ್ಯರ ನಡುವೆ ಬಾಳು.

ಲಾರಿಗೆ ಹತ್ತಿಸುವಾಗ ಅವಳು ಹಠ ಮಾಡಿದಳು. ಯಾರು ಕರೆದರೂ ಬರಲಿಲ್ಲ. ಕಡೆಗೆ ಡಾಕ್ಟರು ನನ್ನನ್ನು ನೋಡಿದರು. ನಾನು ಟ್ರಂಕಿನಿಂದ ಬೈರಾಸು ತಂದು ತಲೆಗೆ ಸುತ್ತಿ, ಲಾರಿಯೊಳಗೆ ಹೋಗಿ ಕುಳಿತೆ. ಅವಳು ಹತ್ತಿ ಬಂದಳು. ತಲೆಯ ಮೇಲೆ ಸೊಂಡಿಲಿಟ್ಟಳು. ಬೆಲ್ಲ ತಂದಿರಲಿಲ್ಲ. ಬೈರಾಸಿನ ಅಡಿಯಲ್ಲಿ ಹುಡುಕಿ ಹುಡುಕಿ ಸುಮ್ಮನಾದಳು, ನಾನು ಪಕ್ಕದ ಕಿಂಡಿಯಿಂದ ಇಳಿದೆ. ಅಳು ಬಂತು, ಅತ್ತೆ. ಅದರಿಂದ ಲಾರಿ ಏನೂ ನಿಲ್ಲಲಿಲ್ಲ.

ನನ್ನ ಕೆಲಸವನ್ನು ಡಾಕ್ಟರು ತೆಗೆಯಲಿಲ್ಲ. ನಿವೃತ್ತಿಯವರೆಗೆ ಹಾಲಿನ ಕೋಣೆಯಲ್ಲಿಟ್ಟರು. ಹಾಲು ಕಲಸಬಹುದು, ಮರಿ ಮುಟ್ಟುವ ಹಾಗಿಲ್ಲ. ನ್ಯಾಯವೇ.

ಆಮೇಲೆ ಬಂದ ಬದಲಾವಣೆ ನೀವು ನೋಡಿದ್ದೀರಿ, ಆದರೆ ಅದು ಯಾಕೆ ಬಂತು ಎಂದು ನಿಮಗೆ ಗೊತ್ತಿರಲಿಕ್ಕಿಲ್ಲ. ಹಾಲಿನ ಕೋಣೆಯ ಬಾಗಿಲಿಗೆ ಒಂದು ಕಪ್ಪು ಹಲಗೆ ಉಂಟಲ್ಲ, ಅಲ್ಲಿ ಸಂಜೆ ಮನೆಗೆ ಹೋಗುವ ಮೊದಲು ಎಲ್ಲರೂ ಆ ದಿನ ಮಾಡಿದ ತಪ್ಪನ್ನು ಬರೆಯಬೇಕು. ಡಾಕ್ಟರೂ ಬರೆಯುತ್ತಾರೆ. ಬರೆದದ್ದಕ್ಕೆ ಶಿಕ್ಷೆ ಇಲ್ಲ, ಬರೆಯದಿದ್ದದ್ದಕ್ಕೆ ಉಂಟು. ಇನ್ನು ದೊಡ್ಡ ಮರಿಗಳ ಬಯಲಿನಲ್ಲಿ ಒಬ್ಬ ಹಿರಿಯರು ಊರುಗೋಲು ಹಿಡಿದು, ತಲೆಗೆ ಬೈರಾಸು ಕಟ್ಟಿ, ಮರಿಗಳಿಗೆ ಬೆನ್ನು ಹಾಕಿ ನಿಲ್ಲುವುದನ್ನು ಕಂಡು ನೀವು ನಕ್ಕಿರಬಹುದು. ಅವರೇ ವಾಸು ಪೂಜಾರಿ. ಡಾಕ್ಟರು ಕೇಳಿದ್ದಲ್ಲ, ತಾವಾಗಿಯೇ ಬಂದದ್ದು. ಒಂದು ದಿನ ಮುಂಡಾಸು, ಒಂದು ದಿನ ಅಡಿಕೆ ಹಾಳೆಯ ಮುಟ್ಟಾಳೆ ಟೊಪ್ಪಿ, ಒಂದು ದಿನ ಹೆಲ್ಮೆಟ್. "ಊರಿನವರು ಹೇಗಿರ್ತಾರೋ ಹಾಗೇ ಇರ್ಬೇಕಲ್ಲ" ಎನ್ನುತ್ತಾರೆ. ಐದನೇ ಮರಿ ಕಾಡಿಗೆ ಹೋಗಿ ಮೂರು ಮಳೆಗಾಲ ಕಳೆಯಿತು, ಈವರೆಗೆ ಗದ್ದೆಗೆ ಇಳಿದಿಲ್ಲ. ಅದರಲ್ಲಿ ಅರ್ಧ ಪಾಲು ಅವರದ್ದು.

ನಿವೃತ್ತನಾದ ವರ್ಷ ನಾನು ಘಟ್ಟ ಹತ್ತಿ ಶಿಬಿರಕ್ಕೆ ಹೋದೆ. ಅದಕ್ಕೆ ಮೊದಲು ಧೈರ್ಯ ಬಂದಿರಲಿಲ್ಲ. ಹಗಲು ಹನ್ನೊಂದು ಗಂಟೆ, ಪ್ರವಾಸಿಗಳ ಸಾಲು ಇತ್ತು. ಸಾಲಿನ ತುದಿಯಲ್ಲಿ ದುಗ್ಗಿ. ಹರಿದ ಕಿವಿ ಇಲ್ಲದಿದ್ದರೆ ಗುರುತು ಹಿಡಿಯುತ್ತಿರಲಿಲ್ಲ, ಅಷ್ಟು ಬೆಳೆದಿದ್ದಳು. ಹಣೆಗೆ ಬಣ್ಣ ಬಳಿದಿದ್ದರು. ಬಂದವರ ತಲೆಯ ಮೇಲೆ ಮೆಲ್ಲಗೆ ಸೊಂಡಿಲಿಟ್ಟು ತೆಗೆಯುತ್ತಿದ್ದಳು. ಮಕ್ಕಳಿಗೆ ಇನ್ನೂ ಮೆಲ್ಲಗೆ.

ಸಾಲು ಕಾಯುತ್ತಿದ್ದ ಮಾವುತನನ್ನು, ಇದನ್ನು ಇದಕ್ಕೆ ಯಾರು ಕಲಿಸಿದ್ದು ಎಂದು ಕೇಳಿದೆ.

"ಯಾರೂ ಕಲಿಸ್ಲಿಲ್ಲ ಸಾರ್" ಎಂದ, ಹೆಮ್ಮೆಯಿಂದಲೇ. "ಬರುವಾಗಲೇ ಗೊತ್ತಿತ್ತು. ಭಾಳ ಬುದ್ಧಿವಂತೆ. ಟೋಪಿ, ಟವೆಲ್ಲು ಏನಿದ್ರೂ ಬಿಡಲ್ಲ, ಎಲ್ಲರಿಗೂ ಇಡ್ತಾಳೆ."

ನನ್ನ ಸರದಿ ಬಂತು. ತಲೆ ತಗ್ಗಿಸಬೇಕೋ ಬೇಡವೋ ತಿಳಿಯಲಿಲ್ಲ. ಸುಮ್ಮನೆ ನಿಂತೆ. ದುಗ್ಗಿ ಸೊಂಡಿಲು ಎತ್ತಿದವಳು ಅರ್ಧಕ್ಕೆ ನಿಲ್ಲಿಸಿದಳು. ನನ್ನ ಅಂಗಿ, ಕೈ, ಕಂಕುಳು ಎಲ್ಲ ಮೂಸಿದಳು. ಸೊಂಡಿಲು ಕೆಳಗಿಳಿಸಿದಳು. ಆಮೇಲೆ ಸರಪಳಿ ಎಳೆಯುವಷ್ಟು ಎಳೆದುಕೊಂಡು, ಒಂದೊಂದೇ ಹೆಜ್ಜೆ ಇಟ್ಟು, ನನ್ನ ಕಡೆಗೆ ಬೆನ್ನು ತಿರುಗಿಸಿ ನಿಂತಳು.

ಮಾವುತ ಗದರಿಸಿದ, ಅಂಕುಶದ ಹಿಡಿಯಿಂದ ತಟ್ಟಿದ. ಅವಳು ಅಲುಗಲಿಲ್ಲ.

"ಹಿಂಗೆ ಯಾವತ್ತೂ ಮಾಡಿಲ್ಲ ಸಾರ್, ಏನಾಯ್ತೋ" ಎಂದ.

ಅವಳಿಗೆ ಎಂತದೂ ಆಗಿರಲಿಲ್ಲ. ಅದು ಸಿಟ್ಟಾ, ನನ್ನ ಪಾಠವನ್ನು ನನಗೇ ಒಪ್ಪಿಸಿದ್ದಾ, ನನಗೆ ಗೊತ್ತಿಲ್ಲ. ಬೊಮ್ಮಜ್ಜ ಇದ್ದಿದ್ದರೆ ಕೇಳುತ್ತಿದ್ದೆ. ಅವಳ ಬೆನ್ನಿಗೆ ಹಣೆ ಆನಿಸಬೇಕು ಎಂದು ತುಂಬ ಅನ್ನಿಸಿತು. ಹಿಂದೆ ಸಾಲು ಬೆಳೆಯುತ್ತಿತ್ತು, ಮುಂದೆ ಹೋಗಿ ಎಂದು ಯಾರೋ ಹೇಳಿದರು. ನಾನು ಪಕ್ಕಕ್ಕೆ ಸರಿದು, ಅವಳಿಗೆ ಕಾಣದಷ್ಟು ದೂರ ನಡೆದೆ. ಆಗ ಅವಳು ತಿರುಗಿ, ಮುಂದಿನವರ ತಲೆಯ ಮೇಲೆ ಸೊಂಡಿಲಿಟ್ಟಳು.